ಮೊದಲ ಲಿವರ್ ಆಕ್ಷನ್ ರೈಫಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೊಡಗಿನವನು. ಹಲವು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ, ಇತ್ತೀಚೆಗೆ ಗ್ರೀನ್ ಕಾರ್ಡ್ ಬಂದಿದೆ. ಊರಿನಲ್ಲಿ ತಂದೆಯವರ ಜೋಡುನಳಿಗೆಯ ಕೋವಿಯನ್ನು ನೋಡುತ್ತ ಬೆಳೆದವನಾದ್ದರಿಂದ ಬಂದೂಕು ನನಗೆ ಹೊಸದಲ್ಲ, ಆದರೆ ರೈಫಲ್ ಹೊಸದು. ಬೇಟೆಯಲ್ಲಿ ಆಸಕ್ತಿಯಿಲ್ಲ. ವಾರಾಂತ್ಯದಲ್ಲಿ ಗುರಿ ಅಭ್ಯಾಸದ ಜಾಗವಾದ ರೇಂಜಿಗೆ ಹೋಗಿ 50ರಿಂದ 100 ಗಜ ದೂರದ ಕಾಗದದ ಗುರಿಗೆ ಹೊಡೆಯಬೇಕೆಂಬುದಷ್ಟೇ ಉದ್ದೇಶ. ಹೆಂಡತಿಯೂ ಹದಿನಾಲ್ಕು ವರ್ಷದ ಮಗಳೂ ಕಲಿಯಬೇಕೆನ್ನುತ್ತಿದ್ದಾರೆ. ಟ್ರಿಗರಿನ ಬಳಿಯ ಹಿಡಿಯನ್ನು, ಅಂದರೆ ಲಿವರನ್ನು, ಕೆಳಕ್ಕೆಳೆದು ಮೇಲೆತ್ತಿದರೆ ಹೊಸ ತೋಟಾ ಒಳಸೇರುವ ಲಿವರ್ ಆಕ್ಷನ್ ರೈಫಲೇ ಬೇಕೆಂದು ಮನಸ್ಸಾಗಿದೆ. ಅಂಗಡಿಯಲ್ಲಿ ಹೆನ್ರಿ .22, ಮಾರ್ಲಿನ್ .357, ವಿಂಚೆಸ್ಟರ್ .30-30 ಹೀಗೆ ಮೂರನ್ನು ತೋರಿಸಿದರು (ಹೆಸರು ಕಂಪನಿಯದು, ಅಂಕಿ ಅದು ಬಳಸುವ ತೋಟಾದ್ದು). ಯಾವುದನ್ನು ಕೊಳ್ಳಲಿ?
(ಓದುಗರು, ಡಲ್ಲಾಸ್, ಟೆಕ್ಸಾಸ್)

ಉತ್ತರ: .22 ಲಾಂಗ್ ರೈಫಲ್ ತೋಟಾ ಬಳಸುವ ರೈಫಲನ್ನೇ ಕೊಳ್ಳಿ. ಕಾಗದದ ಗುರಿ, 100 ಗಜದೊಳಗಿನ ದೂರ, ಒಂದೇ ರೈಫಲಿನಲ್ಲಿ ಮೂವರು ಕಲಿಯಬೇಕೆಂಬ ಆಸೆ, ನಿಮ್ಮ ಪತ್ರದಲ್ಲಿರುವ ಈ ಮೂರು ಸಂಗತಿಗಳೇ ತೀರ್ಮಾನಕ್ಕೆ ಸಾಕು. ರೈಫಲಿನ ಅಂದಕ್ಕೆ ಮನಸೋತು ಕೊಂಡು, ಅದಕ್ಕೆ ಯಾವ ತೋಟಾ ಬೇಕೆಂದು ಆಮೇಲೆ ನೋಡುವವರೇ ಹೆಚ್ಚು. ಆದರೆ ಗುರಿಯ ಅಭ್ಯಾಸಕ್ಕಾಗಿ ಕೊಳ್ಳುವವರು ಮೊದಲು ತೋಟಾವನ್ನು ನಿಶ್ಚಯಿಸಿಕೊಂಡು, ಅನಂತರ ಅದಕ್ಕೆ ಹೊಂದುವ ರೈಫಲನ್ನು ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಮಧ್ಯಾಹ್ನದಲ್ಲಿ ನೂರಿನ್ನೂರು ಸಲ ಹೊಡೆಯುವವರಿಗೆ ಆ ದಿನದ ಖರ್ಚನ್ನೂ ಭುಜದ ನೋವನ್ನೂ ಕಲಿಕೆಯ ವೇಗವನ್ನೂ ನಿರ್ಧರಿಸುವುದು ತೋಟಾವೇ.

.22 ಲಾಂಗ್ ರೈಫಲ್ 1887ರಿಂದ ಬಳಕೆಯಲ್ಲಿರುವ ಪುಟ್ಟ ತೋಟಾ. ಅದರ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಗುಂಡು ಹಾರಿದಾಗ ರೈಫಲ್ ಭುಜಕ್ಕೆ ಕೊಡುವ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಹೊಸಬರಲ್ಲಿ ಬೇಗನೆ ಬೇರೂರಿ ಬಿಡಿಸಿಕೊಳ್ಳಲು ಬಹಳ ಕಷ್ಟವಾಗುವ ಕೆಟ್ಟ ಅಭ್ಯಾಸವೆಂದರೆ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿ ಭುಜವನ್ನು ಬಿಗಿಹಿಡಿಯುವುದು. ಅದು ಹುಟ್ಟುವುದೇ ಒದೆತದ ಮತ್ತು ಶಬ್ದದ ಭಯದಿಂದ. .22ರಲ್ಲಿ ಕಲಿತವರಿಗೆ ಆ ಭಯಕ್ಕೆ ಕಾರಣವೇ ಇರುವುದಿಲ್ಲ, ಆದ್ದರಿಂದ ಗಮನವೆಲ್ಲ ಗುರಿ ಹಿಡಿಯಲು ರೈಫಲಿನ ಮೇಲಿರುವ ಸೈಟಿನ ಮೇಲೂ ಟ್ರಿಗರಿನ ಮೇಲೂ ಉಳಿಯುತ್ತದೆ. ಖರ್ಚಿನ ಮಾತೂ ಇದೆ. .30-30ರ ಒಂದು ತೋಟಾಕ್ಕೆ ಕೊಡುವ ಹಣದಲ್ಲಿ .22ರ ಹತ್ತಕ್ಕೂ ಹೆಚ್ಚು ತೋಟಾಗಳು ಬರುತ್ತವೆ. ಮೂವರು ಹೊಡೆಯುವ ಮನೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

.357 ಮ್ಯಾಗ್ನಮ್ ಕೆಟ್ಟ ಆಯ್ಕೆಯೇನೂ ಅಲ್ಲ. ಎರಡನೆಯ ರೈಫಲ್ ಕೊಳ್ಳುವ ದಿನ ಬಂದರೆ ನಾನು ಮೊದಲು ಸೂಚಿಸುವುದು ಅದನ್ನೇ. 1935ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾವನ್ನು ಹಳೆಯ .38 ಸ್ಪೆಷಲ್ ತೋಟಾದ ಕೊಳವೆಯನ್ನು ಸುಮಾರು ಇಂಚಿನ ಎಂಟನೆಯ ಒಂದು ಭಾಗದಷ್ಟು ಉದ್ದ ಮಾಡಿ ರೂಪಿಸಿದರು. ಹೀಗಾಗಿ .357 ರೈಫಲಿನಲ್ಲಿ .38 ಸ್ಪೆಷಲನ್ನೂ ಹಾಕಿ ಹೊಡೆಯಬಹುದು, ಆದರೆ .38ಕ್ಕೆಂದು ಮಾಡಿದ ಬಂದೂಕಿನಲ್ಲಿ .357 ಹಾಕಬಾರದು. ಭಾರವಾದ ರೈಫಲಿನಲ್ಲಿ .38 ಸ್ಪೆಷಲ್ ಹೊಡೆದಾಗ ಒದೆತ ಬಹಳ ಮೃದುವಾಗಿರುತ್ತದೆ. ಕೌಬಾಯ್ ವೇಷ ತೊಟ್ಟು ಹತ್ತಿರದ ಉಕ್ಕಿನ ಗುರಿಗಳಿಗೆ ಸೀಸದ ಗುಂಡು ಹೊಡೆಯುವ ಕೌಬಾಯ್ ಆಕ್ಷನ್ ಶೂಟಿಂಗ್ ಎಂಬ ಕ್ರೀಡೆಯಲ್ಲಿ ಇಂಥ ಪಿಸ್ತೂಲು ತೋಟಾದ ಲಿವರ್ ರೈಫಲುಗಳೇ ಬೇಕಾಗುತ್ತವೆ. ಮುಂದೊಂದು ದಿನ ಆ ಕಡೆ ಮನಸ್ಸು ಹರಿದರೆ ಇದು ಉಪಯೋಗಕ್ಕೆ ಬಂದೀತು.

.30-30ರ ವಿಷಯ ಬೇರೆ. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಮಾದರಿಗಾಗಿ 1895ರಲ್ಲಿ ಬಂದ ಆ ತೋಟಾ ಅಮೆರಿಕದ ಜಿಂಕೆ ಬೇಟೆಗಾರರ ಮನೆಮಾತು. ಆ ಮಾದರಿಯ 70 ಲಕ್ಷಕ್ಕೂ ಹೆಚ್ಚು ರೈಫಲುಗಳು ತಯಾರಾಗಿವೆ. ಆದರೆ ಅದು ಹುಟ್ಟಿದ್ದು ಕಾಡಿನಲ್ಲಿ ದಿನವಿಡೀ ಹೊತ್ತು ತಿರುಗಿ ಒಂದೆರಡು ಸಲ ಹೊಡೆಯುವುದಕ್ಕಾಗಿ. ಹಗುರವಾದ ರೈಫಲಿನಿಂದ 150 ಅಥವಾ 170 ಗ್ರೇನ್ ಗುಂಡನ್ನು ಮೇಲಿಂದ ಮೇಲೆ ಹಾರಿಸಿದರೆ, ಅದರಲ್ಲೂ ಭುಜಕ್ಕೆ ಆನಿಸುವ ಭಾಗವಾದ ಸ್ಟಾಕಿನ ಹಿಂಬದಿಯಲ್ಲಿ ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ಉಕ್ಕಿನ ಪಟ್ಟಿಯಿದ್ದರೆ, ಇಪ್ಪತ್ತು ತೋಟಾ ಮುಗಿಯುವಷ್ಟರಲ್ಲಿ ಭುಜ ಸಾಕೆನ್ನುತ್ತದೆ. ಮಗಳ ಕೈಗೆ ಮೊದಲ ದಿನ ಅದನ್ನು ಕೊಡಬೇಡಿ.

ಇನ್ನು ಮಾದರಿಗಳು. ಹೆನ್ರಿ ರಿಪೀಟಿಂಗ್ ಆರ್ಮ್ಸ್ ಕಂಪನಿಯ ಎಚ್001 ಮಾದರಿ ನಿಮ್ಮ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ತೂಕ 5.25 ಪೌಂಡ್, ಬ್ಯಾರೆಲಿನ ಅಡಿಯಲ್ಲಿರುವ ಕೊಳವೆಯಲ್ಲಿ 15 ತೋಟಾ ಹಿಡಿಯುತ್ತವೆ, ಲಿವರ್ ತೀರ ನಯವಾಗಿ ಓಡುತ್ತದೆ. ಅದರ ಹೊರಕವಚ ಉಕ್ಕಿನದಲ್ಲ, ಸತುವಿನ ಮಿಶ್ರಲೋಹದ್ದು ಎಂದು ಕೆಲವರು ಮೂಗು ಮುರಿಯುತ್ತಾರೆ. ಕೈಗೆ ಅನಿಸುವ ಗಟ್ಟಿತನ ಸ್ವಲ್ಪ ಕಡಿಮೆ ಎಂಬುದು ನಿಜವಾದರೂ ಗುರಿಯ ಮೇಲೆ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ಈ ಕಂಪನಿಗೂ 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಪೇಟೆಂಟ್ ಪಡೆದ ಪ್ರಸಿದ್ಧ ರೈಫಲಿಗೂ ಹೆಸರಿನ ಸಂಬಂಧವಷ್ಟೇ ಇದೆ. ಇದು ಶುರುವಾದದ್ದು 1990ರ ದಶಕದಲ್ಲಿ, ಬ್ರೂಕ್ಲಿನ್‌ನಲ್ಲಿ. ಅದೇ ಕಂಪನಿಯ ಗೋಲ್ಡನ್ ಬಾಯ್ ಹಿತ್ತಾಳೆ ಬಣ್ಣದ ಹೊಳಪಿನಿಂದಲೂ ಎಂಟು ಮುಖದ ಬ್ಯಾರೆಲಿನಿಂದಲೂ ಕಣ್ಸೆಳೆಯುತ್ತದೆ, ಆದರೆ ಅದು ಒಂದೂವರೆ ಪೌಂಡಿನಷ್ಟು ಭಾರ ಹೆಚ್ಚು. ನಿಂತು ಹೊಡೆಯುವ ದೊಡ್ಡವರಿಗೆ ಆ ಭಾರದಿಂದ ಸ್ಥಿರತೆ ಸಿಗುತ್ತದೆ, ಹದಿನಾಲ್ಕರ ಹುಡುಗಿಗೆ ತೋಳು ಸೋಲುತ್ತದೆ.

ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುವ ಬ್ರೌನಿಂಗ್ ಬಿಎಲ್-22 ಕೂಡ ನೋಡತಕ್ಕದ್ದು. ಅದರ ಲಿವರ್ ಕೇವಲ 33 ಡಿಗ್ರಿ ತಿರುಗಿದರೆ ಸಾಕು, ಜೊತೆಗೆ ಟ್ರಿಗರ್ ಕೂಡ ಲಿವರಿನೊಂದಿಗೇ ಇಳಿದು ಮೇಲೆ ಬರುವುದರಿಂದ ಬೆರಳು ಸಿಕ್ಕಿಕೊಳ್ಳುವ ಭಯವಿಲ್ಲ. ಚಿಕ್ಕ ಕೈಯವರಿಗೆ ಇದು ದೊಡ್ಡ ಅನುಕೂಲ. ಬೆಲೆ ಹೆನ್ರಿಗಿಂತ ಸಾಕಷ್ಟು ಹೆಚ್ಚು, ಕೆಲಸಗಾರಿಕೆಯೂ ಹಾಗೆಯೇ ಇದೆ.

ಇವೆರಡರ ನಡುವೆ ತೀರ್ಮಾನಿಸಲು ಪುಸ್ತಕದ ಜ್ಞಾನ ಸಾಲದು, ಮೂವರೂ ಅಂಗಡಿಗೆ ಹೋಗಬೇಕು. ಖಾಲಿ ರೈಫಲನ್ನು ಭುಜಕ್ಕೆ ಆನಿಸಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಸ್ಟಾಕಿನ ಮೇಲೆ ಸಹಜವಾಗಿ ಇಳಿಸಿ ಆಮೇಲೆ ಕಣ್ಣು ತೆರೆಯಿರಿ. ಆಗ ಹಿಂದಿನ ಸೈಟಿನ ಮೂಲಕ ಮುಂದಿನ ಸೈಟು ಕಾಣುತ್ತಿದ್ದರೆ ಅದು ನಿಮ್ಮ ಅಳತೆಯ ರೈಫಲ್. ಕತ್ತನ್ನು ಚಾಚಿ ಅಥವಾ ಬಗ್ಗಿಸಿ ಹುಡುಕಬೇಕಾಗಿ ಬಂದರೆ ಅಲ್ಲ. ಟ್ರಿಗರಿನಿಂದ ಸ್ಟಾಕಿನ ಹಿಂತುದಿಯವರೆಗಿನ ಅಳತೆ ಸಾಮಾನ್ಯ ಮಾದರಿಗಳಲ್ಲಿ ಮಕ್ಕಳಿಗೆ ಉದ್ದವಾಗುತ್ತದೆ. ಹೆನ್ರಿಯಲ್ಲಿ ಇದೇ ರೈಫಲಿನ ಮೊಟಕು ಸ್ಟಾಕಿನ ಮಾದರಿಯೂ ಇದೆ. ಮಗಳು ಎತ್ತರ ಬೆಳೆಯುತ್ತಿದ್ದರೆ ಅದು ಬೇಡ, ಒಂದೆರಡು ವರ್ಷದಲ್ಲಿ ಸಾಮಾನ್ಯ ಮಾದರಿಯೇ ಹೊಂದುತ್ತದೆ.

ಸೈಟಿನ ಬಗ್ಗೆ ಒಂದು ಮಾತು. ಈ ರೈಫಲುಗಳಿಗೆ ಕಾರ್ಖಾನೆಯಿಂದ ಬರುವ ಹಿಂದಿನ ಸೈಟು ಬ್ಯಾರೆಲಿನ ಮೇಲೆ ಕೂತ ಸಣ್ಣ ಕಚ್ಚಿನದು. ನಲವತ್ತು ದಾಟಿದವರ ಕಣ್ಣಿಗೆ ಆ ಕಚ್ಚು ಮಸುಕಾಗಿ ಕಾಣುತ್ತದೆ. ಕಣ್ಣಿನ ಹತ್ತಿರಕ್ಕೆ ಕೂರುವ, ನಡುವೆ ಸಣ್ಣ ತೂತಿರುವ ಪೀಪ್ ಸೈಟನ್ನು ಹಾಕಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ. ತೂತಿನ ಅಂಚನ್ನು ನೋಡುವ ಅಗತ್ಯವಿಲ್ಲ, ಅದರ ಮೂಲಕ ಮುಂದಿನ ಸೈಟನ್ನು ನೋಡಿದರೆ ಕಣ್ಣು ತಾನಾಗಿಯೇ ನಡುವನ್ನು ಹಿಡಿಯುತ್ತದೆ. ದುರ್ಬೀನಿನಂಥ ಸ್ಕೋಪೇ ಬೇಕೆಂದರೆ ಎಚ್001ರ ನೆತ್ತಿಯಲ್ಲಿ ಅದನ್ನು ಕೂರಿಸುವ ತೋಡು ಇದೆ. ಗೋಲ್ಡನ್ ಬಾಯ್‌ನಲ್ಲಿ ಅದಿಲ್ಲ, ಬ್ಯಾರೆಲಿಗೆ ಕೂರಿಸುವ ಬೇರೆ ಪಟ್ಟಿ ಬೇಕಾಗುತ್ತದೆ. ಮೊದಲ ವರ್ಷ ಸ್ಕೋಪಿಲ್ಲದೆ ಕಲಿಯುವುದು ಮೇಲೆಂದು ನನಗನ್ನಿಸುತ್ತದೆ.

ಕೊಂಡ ಮೇಲೆ ಮೊದಲ ದಿನವೇ ಮೂವರೂ ಕಲಿಯಬೇಕಾದದ್ದು ತುಂಬುವ ಮತ್ತು ಖಾಲಿ ಮಾಡುವ ಕ್ರಮವನ್ನು. .22 ಲಿವರ್ ರೈಫಲಿನಲ್ಲಿ ಬ್ಯಾರೆಲಿನ ಕೆಳಗಿನ ಕೊಳವೆಯ ತುದಿಯ ಗುಬುಟನ್ನು ತಿರುಗಿಸಿ, ಒಳಗಿನ ಹಿತ್ತಾಳೆಯ ಕೊಳವೆಯನ್ನು ಮೇಲೆಳೆದಾಗ ತೋಟಾದ ಆಕಾರದಲ್ಲೇ ಕೊರೆದ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ತೋಟಾವನ್ನು ಬುಡ ಕೆಳಗಾಗಿ ಅದರೊಳಗೆ ಇಳಿಬಿಡಬೇಕು. ಈ ಕೆಲಸದಲ್ಲಿ ಕೈ ಬ್ಯಾರೆಲಿನ ಬಾಯಿಯ ಬಳಿಗೇ ಹೋಗುವುದರಿಂದ, ತುಂಬುವ ಮೊದಲು ಲಿವರನ್ನು ತೆರೆದು ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಕೈಯನ್ನು ಬಾಯಿಯ ಎದುರಿಗೆ ತಾರದೆ ಪಕ್ಕದಿಂದಲೇ ತುಂಬಬೇಕು. ಖಾಲಿ ಮಾಡುವಾಗ ಲಿವರನ್ನು ನಾಲ್ಕೈದು ಸಲ ಎಳೆದು ಏನೂ ಹೊರಗೆ ಬೀಳಲಿಲ್ಲವೆಂಬ ಮಾತ್ರಕ್ಕೆ ನಂಬಬೇಡಿ. ಕೊಳವೆಯಲ್ಲಿ ಒಂದು ತೋಟಾ ಸಿಕ್ಕಿಕೊಂಡು ಉಳಿಯುವುದುಂಟು. ಒಳಗೊಳವೆಯನ್ನು ಪೂರ್ತಿ ಹೊರಗೆಳೆದು, ಬ್ಯಾರೆಲಿನ ಬಾಯಿಯನ್ನು ಗುರಿಗಳ ಕಡೆಗೇ ಇಟ್ಟುಕೊಂಡು ರೈಫಲನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕೊನೆಗೆ ಲಿವರ್ ತೆರೆದು ಬೆರಳಿನಿಂದ ಮುಟ್ಟಿ ನೋಡಿ. ಕನ್ನಡಕವೂ ಕಿವಿಮುಚ್ಚಳವೂ ಮೂವರಿಗೂ ಕಡ್ಡಾಯ. .22ರ ಸದ್ದು ಸಣ್ಣದೆನಿಸಿದರೂ ಕಿವಿಗೆ ಹಾನಿ ಮಾಡಬಲ್ಲದು. ಸೀಸದ ಪುಡಿ ಕೈಗೆ ಅಂಟುವುದರಿಂದ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದೇನೆ. ಸಹೋದ್ಯೋಗಿಯೊಬ್ಬರು ತಮ್ಮ ಲಿವರ್ ರೈಫಲನ್ನು ರೇಂಜಿನಲ್ಲಿ ಹೊಡೆದು ನೋಡಲು ಕರೆಯುತ್ತಿದ್ದಾರೆ. ಕೊಳ್ಳದೆ ಬರೀ ಹೊಡೆದು ನೋಡಿದರೆ ತೊಂದರೆಯಿಲ್ಲವಲ್ಲ?
(ಓದುಗರು, ಎಡಿಸನ್)

ಉತ್ತರ: ತೊಂದರೆಯಿದೆ. ದಯವಿಟ್ಟು ಹೋಗಬೇಡಿ. ವಲಸೆಯೇತರ ವೀಸಾದ ಮೇಲೆ ದೇಶದೊಳಕ್ಕೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಪಡೆಯುವುದನ್ನೂ ಹೊಂದಿರುವುದನ್ನೂ ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ಇದರೊಳಗೆ ಬರುತ್ತವೆ. ಹೊಂದಿರುವುದೆಂದರೆ ಸ್ವಂತ ಹಣ ಕೊಟ್ಟು ಕೊಳ್ಳುವುದೆಂದಷ್ಟೇ ಅರ್ಥವಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಅಥವಾ ಗೆಳೆಯರಿಂದ ಇಸಿದುಕೊಂಡು ಕೈಯಲ್ಲಿ ಹಿಡಿದರೂ ಅದರೊಳಗೆ ಸೇರುತ್ತದೆ. ಕಾನೂನಿನಲ್ಲಿಯೇ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ನಮ್ಮವರಿಗೆ ಒದಗುವಂಥದು, ಅಮೆರಿಕದ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿಯನ್ನು ಹೊಂದಿರುವುದು. ಅದನ್ನು ಪಡೆಯಲು ಬಹುತೇಕ ರಾಜ್ಯಗಳು ಬೇಟೆ ಸುರಕ್ಷತೆಯ ತರಬೇತಿಯನ್ನು ಕೇಳುತ್ತವೆ. ಆ ತರಬೇತಿ ಒಳ್ಳೆಯದೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಜೈಲಿನ ಜೊತೆಗೆ ಗಡೀಪಾರಿಗೂ ಅದು ಕಾರಣವಾಗಬಲ್ಲದು. ಹತ್ತಾರು ವರ್ಷ ಗ್ರೀನ್ ಕಾರ್ಡಿನ ಸರತಿಯಲ್ಲಿ ಕಾದಿರುವ ಕುಟುಂಬಗಳು ಒಂದು ಭಾನುವಾರದ ಆಟಕ್ಕಾಗಿ ಆ ಅಪಾಯಕ್ಕೆ ಒಡ್ಡಿಕೊಳ್ಳುವುದನ್ನು ನೋಡಲಾರೆ. ಗ್ರೀನ್ ಕಾರ್ಡಿನ ಅರ್ಜಿ ಬಾಕಿಯಿರುವವರ ಸ್ಥಿತಿ ಇನ್ನೂ ಸೂಕ್ಷ್ಮ, ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿಯಿಲ್ಲ. ಆದರೂ ಅಂಗಡಿಯಲ್ಲಿ 4473 ಎಂಬ ಒಕ್ಕೂಟ ಸರ್ಕಾರದ ನಮೂನೆಯನ್ನು ತುಂಬಿ ಹಿನ್ನೆಲೆ ಪರಿಶೀಲನೆಗೆ ಒಳಗಾಗಬೇಕು, ನಿಮ್ಮ ರಾಜ್ಯದಲ್ಲಿ ರೈಫಲ್ ಕೊಳ್ಳುವ ಮೊದಲೇ ಪೊಲೀಸರ ಮೂಲಕ ಬಂದೂಕು ಖರೀದಿದಾರರ ಗುರುತಿನ ಚೀಟಿಯನ್ನು ಪಡೆದಿರಬೇಕು. ಆ ನಮೂನೆಯಲ್ಲಿ ಗಾಂಜಾ ಸೇವನೆಯ ಬಗ್ಗೆಯೂ ಪ್ರಶ್ನೆಯಿದೆ. ರಾಜ್ಯದ ಕಾನೂನು ಅದನ್ನು ಒಪ್ಪಿದ್ದರೂ ಒಕ್ಕೂಟದ ಕಾನೂನು ಒಪ್ಪಿಲ್ಲವೆಂಬುದನ್ನು ನೆನಪಿಡಿ.

ಪ್ರಶ್ನೆ: .30-30 ತೋಟಾಗಳ ಗುಂಡಿನ ಮೂತಿ ಚಪ್ಪಟೆಯಾಗಿಯೇ ಇರುತ್ತದೆ. ಚೂಪಾದ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುವುದಿಲ್ಲವೇ? ಹಾಗಾದರೆ ಲಿವರ್ ರೈಫಲಿಗೆ ಅದನ್ನೇಕೆ ಬಳಸುವುದಿಲ್ಲ?
(ಓದುಗರು, ಸ್ಯಾನ್ ಹೋಸೆ)

ಉತ್ತರ: ಹೆಚ್ಚಿನ ಲಿವರ್ ರೈಫಲುಗಳಲ್ಲಿ ತೋಟಾಗಳು ಬ್ಯಾರೆಲಿನ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನ ತೋಟಾದ ಬುಡಕ್ಕೆ ತಗುಲಿರುತ್ತದೆ. ಆ ಬುಡದ ನಟ್ಟನಡುವೆ ಇರುವುದು ಪ್ರೈಮರ್, ಅಂದರೆ ಪೆಟ್ಟು ಬಿದ್ದೊಡನೆ ಹೊತ್ತಿಕೊಂಡು ಮದ್ದಿಗೆ ಬೆಂಕಿ ಕೊಡುವ ಭಾಗ. ರೈಫಲ್ ಒದೆದಾಗ ಕೊಳವೆಯೊಳಗಿನ ಸಾಲು ಹಿಂದಕ್ಕೂ ಮುಂದಕ್ಕೂ ಕುಲುಕುತ್ತದೆ. ಮೂತಿ ಚೂಪಾಗಿದ್ದರೆ ಅದೇ ಮೊಳೆಯಂತೆ ಪ್ರೈಮರನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು, ಮುಂದೆ ಆನಿಸಿದ ನಿಮ್ಮ ಎಡಗೈ ಇರುವುದು ಅದೇ ಕೊಳವೆಯ ಕೆಳಗೆ. ಆದ್ದರಿಂದ ಚಪ್ಪಟೆ ಮೂತಿ. ಹಾರ್ನಡಿ ಕಂಪನಿ ಮೆತ್ತನೆಯ, ಬಾಗುವ ತುದಿಯಿರುವ ಚೂಪು ಗುಂಡನ್ನು ಇದಕ್ಕೆಂದೇ ಮಾಡಿದೆ, ಅದನ್ನು ಕೊಳವೆಯಲ್ಲಿ ಬಳಸಬಹುದು. ಬೇರಾವ ಚೂಪು ಗುಂಡನ್ನೂ ಕೊಳವೆಗೆ ಹಾಕಬೇಡಿ.

.22ರಲ್ಲಿ ಈ ಅಪಾಯವಿಲ್ಲ. ಅದರ ಪ್ರೈಮರ್ ಮಸಾಲೆ ಬುಡದ ಅಂಚಿನ ಸುತ್ತ ಇರುತ್ತದೆಯೇ ಹೊರತು ನಡುವೆ ಅಲ್ಲ. ಕೊಳವೆಯ ಬದಲು ತೋಟಾ ತುಂಬಿಡುವ ಪೆಟ್ಟಿಗೆಯಂಥ ಮ್ಯಾಗಜೀನ್ ಇರುವ ವಿಂಚೆಸ್ಟರ್ 1895, ಬ್ರೌನಿಂಗ್ ಬಿಎಲ್ಆರ್ ಮಾದರಿಗಳಿಗೂ ಈ ನಿರ್ಬಂಧವಿಲ್ಲ. ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜೀನುಗಳ ಮೇಲೆ ನಿಮ್ಮ ರಾಜ್ಯದಲ್ಲಿರುವ ಕಟ್ಟುಪಾಡು ಲಿವರ್ ರೈಫಲಿನ ಕೊಳವೆಗೆ ತಗುಲುವುದಿಲ್ಲವೆಂಬುದನ್ನೂ ಇಲ್ಲಿಯೇ ತಿಳಿಸುತ್ತೇನೆ. ಅದಕ್ಕೆ ಕಾನೂನಿನಲ್ಲೇ ವಿನಾಯಿತಿಯಿದೆ.

ಪ್ರಶ್ನೆ: ಹಳೆಯ ಮಾರ್ಲಿನ್ ರೈಫಲುಗಳೇ ಒಳ್ಳೆಯವು, ಹೊಸದನ್ನು ಕೊಳ್ಳಬೇಡ ಎಂದು ರೇಂಜಿನ ಹಿರಿಯರೊಬ್ಬರು ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವಾಗ ಏನನ್ನು ನೋಡಬೇಕು?
(ಓದುಗರು, ಫೀನಿಕ್ಸ್)

ಉತ್ತರ: ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಾರ್ಲಿನ್ ಕಂಪನಿಯನ್ನು 2007ರಲ್ಲಿ ರೆಮಿಂಗ್ಟನ್ ಕೊಂಡ ನಂತರದ ಕೆಲವು ವರ್ಷಗಳ ರೈಫಲುಗಳ ಕೆಲಸಗಾರಿಕೆಯ ಬಗ್ಗೆ ಬಹಳ ಜನ ಅಸಮಾಧಾನಪಟ್ಟರು. ಅದಕ್ಕೆ ಮೊದಲಿನವುಗಳ ಬ್ಯಾರೆಲಿನ ಬುಡದಲ್ಲಿ ‘ಜೆಎಮ್’ ಎಂಬ ಅಚ್ಚಿರುತ್ತದೆ, ಅದನ್ನು ನೋಡಿಯೇ ಹೆಚ್ಚು ಬೆಲೆ ಕೊಡುವವರಿದ್ದಾರೆ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಮಾರ್ಲಿನ್ ಹೆಸರನ್ನು ರೂಗರ್ ಎಂಬ ಇನ್ನೊಂದು ಬಂದೂಕು ಕಂಪನಿ ಕೊಂಡು, ಉತ್ತರ ಕ್ಯಾರೊಲೈನಾದಲ್ಲಿ ತಯಾರಿಕೆಯನ್ನು ಮತ್ತೆ ಆರಂಭಿಸಿತು. ರೂಗರ್ ಕೈಯಲ್ಲಿ ತಯಾರಾದವುಗಳಿಗೆ ಒಳ್ಳೆಯ ಹೆಸರಿದೆ. ಹಾಗಾಗಿ ಹೊಸದು ಬೇಡವೆಂಬ ಮಾತು ಈಗ ಸಲ್ಲುವುದಿಲ್ಲ. .22ರಲ್ಲಿ ಹಳೆಯ ಮಾರ್ಲಿನ್ 39ಎ ಸಿಕ್ಕರೆ ಮಾತ್ರ ಕೈಬಿಡಬೇಡಿ. ಬದಿಯ ಒಂದೇ ದೊಡ್ಡ ತಿರುಪನ್ನು ನಾಣ್ಯದಿಂದ ಬಿಚ್ಚಿದರೆ ಆ ರೈಫಲ್ ಎರಡು ಭಾಗವಾಗುತ್ತದೆ, ಬ್ಯಾರೆಲನ್ನು ಹಿಂದಿನಿಂದಲೇ ಶುದ್ಧ ಮಾಡಬಹುದು. ಇತರ ಹಲವು ಲಿವರ್ ರೈಫಲುಗಳಲ್ಲಿ ಮುಂದಿನ ಬಾಯಿಯಿಂದಲೇ ಸರಳನ್ನು ತೂರಿಸಬೇಕಾಗುತ್ತದೆ, ಆ ಉಜ್ಜಾಟದಿಂದ ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಅಂಥವುಗಳಿಗೆ ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಎಳೆಯುವ ಹಗ್ಗದ ಕುಂಚವೇ ಕ್ಷೇಮ.

ಕೊಳ್ಳುವಾಗ ಮೊದಲು ಬ್ಯಾರೆಲಿನ ಬಾಯಿಯನ್ನೇ ನೋಡಿ. ಅಂಚು ಸುತ್ತಲೂ ಒಂದೇ ಸಮನಾಗಿರಬೇಕು. ಲಿವರ್ ತೆರೆದು ಹಿಂದಿನಿಂದ ಸಣ್ಣ ಬೆಳಕು ಬಿಟ್ಟು ನೋಡಿದಾಗ ಒಳಗಿನ ಸುರುಳಿ ಗೆರೆಗಳು ಚೂಪಾಗಿ ಹೊಳೆಯಬೇಕು, ಕಪ್ಪು ಗುಳಿಗಳು ಕಾಣಬಾರದು. ತಿರುಪುಗಳ ತಲೆಯ ಕಚ್ಚು ಹರಿದುಹೋಗಿದ್ದರೆ ಯಾರೋ ತಿಳಿಯದವರು ಬಿಚ್ಚಿದ್ದಾರೆಂದು ಅರ್ಥ. ಸ್ಟಾಕಿನ ಮರ ಲೋಹದೊಳಗೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕೂ ಇರಬಾರದು. ತೋಟಾವನ್ನು ಸಿಡಿಸಲು ಪೆಟ್ಟು ಕೊಡುವ ಹಿಂಬದಿಯ ಹ್ಯಾಮರನ್ನು ಅರ್ಧ ಎಳೆದು ನಿಲ್ಲಿಸಿ ಟ್ರಿಗರನ್ನು ಒತ್ತಿ ನೋಡಿ, ಅದು ಬೀಳಕೂಡದು. ಮುಂದಿನ ಪರೀಕ್ಷೆಗೆ ಮದ್ದಿಲ್ಲದ ನಕಲಿ ತೋಟಾಗಳು ಬೇಕು. ಅಂಗಡಿಯವರ ಅನುಮತಿ ಪಡೆದು ನಾಲ್ಕೈದು ನಕಲಿ ತೋಟಾಗಳನ್ನು ತುಂಬಿ, ಲಿವರನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಬಿರುಸಾಗಿ ಎಳೆಯಿರಿ. ಹಳೆಯ ಮಾರ್ಲಿನ್‌ಗಳಲ್ಲಿ ತೋಟಾವನ್ನು ಮೇಲೆತ್ತುವ ತೊಟ್ಟಿಲು ಲಿವರಿಗೆ ತಗುಲುವ ಜಾಗದಲ್ಲಿ ಸವೆದು, ಎರಡನೆಯ ತೋಟಾ ಮೊದಲನೆಯದರ ಅಡಿಗೆ ನುಸುಳಿ, ಲಿವರ್ ಅರ್ಧದಲ್ಲೇ ಗಟ್ಟಿಯಾಗಿ ನಿಂತುಬಿಡುವ ದೋಷ ಪ್ರಸಿದ್ಧವಾದದ್ದು. ಬಂದೂಕು ರಿಪೇರಿ ತಿಳಿದ ಗನ್‌ಸ್ಮಿತ್ ಅದನ್ನು ಸರಿಪಡಿಸಬಲ್ಲರು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ಪ್ರಶ್ನೆ: ಹೊಸ .22 ಲಿವರ್ ರೈಫಲಿನಲ್ಲಿ 50 ಗಜದಿಂದ ಮೇಜಿನ ಮೇಲೆ ಊರಿ ಹೊಡೆದರೂ ಗುಂಡುಗಳು ನಾಲ್ಕು ಇಂಚು ಅಗಲಕ್ಕೆ ಚೆದುರುತ್ತವೆ. ರೈಫಲೇ ಕೆಟ್ಟದ್ದೇ?
(ಓದುಗರು, ಸಿಯಾಟಲ್)

ಉತ್ತರ: ರೈಫಲನ್ನು ದೂರುವ ಮೊದಲು ತೋಟಾವನ್ನು ಬದಲಿಸಿ ನೋಡಿ. .22 ರೈಫಲುಗಳಿಗೆ ತೋಟಾದ ಆಯ್ಕೆಯಲ್ಲಿ ತಮ್ಮದೇ ಹಟವಿರುತ್ತದೆ, ಪಕ್ಕದವರ ರೈಫಲಿನಲ್ಲಿ ಚೆನ್ನಾಗಿ ಬಂದದ್ದು ನಿಮ್ಮದರಲ್ಲಿ ಬರಬೇಕೆಂದಿಲ್ಲ. ಅತಿವೇಗದ ಅಗ್ಗದ ಡಬ್ಬಿಯನ್ನು ಬಿಟ್ಟು, ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗಿರುವ, ಸೆಕೆಂಡಿಗೆ ಸುಮಾರು 1,070 ಅಡಿ ವೇಗದ ‘ಸ್ಟ್ಯಾಂಡರ್ಡ್ ವೆಲಾಸಿಟಿ’ ತೋಟಾಗಳನ್ನು ಮೂರು ನಾಲ್ಕು ಕಂಪನಿಗಳಿಂದ ಒಂದೊಂದು ಡಬ್ಬಿ ತಂದು, ಪ್ರತಿಯೊಂದರಲ್ಲಿ ಹತ್ತು ಹತ್ತು ಹೊಡೆದು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎರಡನೆಯದು ಊರುವ ರೀತಿ. ಲಿವರನ್ನು ತೆರೆಯಲು ಕೆಳಗೆ ಜಾಗ ಬೇಕಾದ್ದರಿಂದ ಪ್ರತಿ ಸಲವೂ ರೈಫಲನ್ನು ಮರಳಿನ ಚೀಲದಿಂದ ಎತ್ತಿ ಮತ್ತೆ ಇಡುತ್ತೀರಿ. ಒಂದು ಸಲ ಬ್ಯಾರೆಲಿನ ಪಟ್ಟಿಯ ಬಳಿ, ಇನ್ನೊಂದು ಸಲ ಮರದ ನಡುವೆ ಹೀಗೆ ಬೇರೆಬೇರೆ ಕಡೆ ಊರಿದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಮುಂದಿನ ಮರ ಲಿವರಿಗೆ ಹತ್ತಿರವಾಗುವ ಕಡೆ ಸಣ್ಣ ಗುರುತೊಂದನ್ನು ಅಂಟಿಸಿಕೊಂಡು, ಪ್ರತಿ ಸಲವೂ ಅದೇ ಗುರುತಿಗೆ ಚೀಲವನ್ನು ತಾಗಿಸಿ. ಬ್ಯಾರೆಲನ್ನು ಮಾತ್ರ ಎಂದೂ ನೇರವಾಗಿ ಚೀಲದ ಮೇಲೆ ಇಡಬೇಡಿ. ಸೈಟಿನ ತಿರುಪುಗಳು ಸಡಿಲವಾಗಿವೆಯೇ ಎಂದೂ ನೋಡಿ. ಇಷ್ಟಾದ ಮೇಲೆ 50 ಗಜದಲ್ಲಿ ಎರಡು ಇಂಚಿನೊಳಗೆ ಬಂದರೆ, ಕಬ್ಬಿಣದ ಸೈಟಿನ ಲಿವರ್ ರೈಫಲಿಗೆ ಅದು ಒಳ್ಳೆಯ ಫಲಿತಾಂಶ. ಅರ್ಧ ಇಂಚೇ ಬೇಕೆಂಬವರು ಬದಿಯ ಹಿಡಿಕೆಯನ್ನು ಹಿಂದೆ ಮುಂದೆ ಎಳೆದು ತೋಟಾ ಸೇರಿಸುವ ಬೋಲ್ಟ್ ಆಕ್ಷನ್ ರೈಫಲನ್ನು ಕೊಳ್ಳುವುದು ಮೇಲು. ಲಿವರಿನ ಸುಖ ಬೇರೆ: ನಿಂತು, ಭುಜದಿಂದ ಇಳಿಸದೆ, ಒಂದಾದ ಮೇಲೊಂದು ಉಕ್ಕಿನ ತಟ್ಟೆಗಳನ್ನು ಬೀಳಿಸುವುದು. ಕೋಳಿ, ಹಂದಿ, ಟರ್ಕಿ, ಟಗರುಗಳ ಆಕಾರದ ಉಕ್ಕಿನ ಗುರಿಗಳನ್ನು ಹೊಡೆದು ಬೀಳಿಸುವ ಲಿವರ್ ಆಕ್ಷನ್ ಸಿಲುಯೆಟ್ ಪಂದ್ಯಗಳು ನಿಮ್ಮ ಹತ್ತಿರದ ಕ್ಲಬ್ಬಿನಲ್ಲಿ ನಡೆಯುತ್ತಿದ್ದರೆ ಒಮ್ಮೆ ಹೋಗಿ ನೋಡಿ, ಮೇಜು ಬಿಟ್ಟು ನಿಲ್ಲುವ ಮನಸ್ಸಾಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ರಜೆಗೆ ಬರುವಾಗ ತನ್ನ ಲಿವರ್ ರೈಫಲನ್ನು ತರಬಹುದೇ? ಇಲ್ಲಿ ನಾವು ಅಂಥದ್ದನ್ನು ಗುರಿಯ ಅಭ್ಯಾಸಕ್ಕೆ ಕೊಳ್ಳಲು ಸಾಧ್ಯವೇ?
(ಓದುಗರು, ಮೈಸೂರು)

ಉತ್ತರ: ತರುವ ಯೋಚನೆಯನ್ನು ಬಿಟ್ಟುಬಿಡಲು ಹೇಳಿ. ಭಾರತದಲ್ಲಿ ಬಂದೂಕು ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. 2019ರ ತಿದ್ದುಪಡಿಯ ಮೇಲೆ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ವಿದೇಶದಿಂದ ತರಿಸುವ ಅವಕಾಶ ಸಾಮಾನ್ಯ ಪರವಾನಗಿದಾರರಿಗಿಲ್ಲ, ಅದು ಮುಖ್ಯವಾಗಿ ಮಾನ್ಯತೆ ಪಡೆದ ಕ್ರೀಡಾಪಟುಗಳಿಗೆ ಮತ್ತು ಸಂಸ್ಥೆಗಳಿಗೆ ಇರುವಂಥದು. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಭೂಮಿಯಾದ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಿಸಲಾದ ವಿನಾಯಿತಿಯು ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಆಮದಿಗಲ್ಲ.

ಇಲ್ಲಿನ ಗುರಿ ಸ್ಪರ್ಧೆಗಳಲ್ಲಿ ಲಿವರ್ ರೈಫಲಿಗೆ ವಿಭಾಗವೇ ಇಲ್ಲ. 50 ಮೀಟರಿನಲ್ಲಿ .22 ಬೋಲ್ಟ್ ಆಕ್ಷನ್, 10 ಮೀಟರಿನಲ್ಲಿ ಏರ್ ರೈಫಲ್ ನಡೆಯುತ್ತವೆ. .177 ಅಳತೆಯ, ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ಪರವಾನಗಿ ಬೇಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿಯೇ. ಗುರಿಯ ಅಭ್ಯಾಸವೇ ನಿಮಗೆ ಮುಖ್ಯವಾಗಿದ್ದರೆ ಅಲ್ಲಿಂದಲೇ ಶುರು ಮಾಡಿ. ಅಣ್ಣನಿಗೆ ಇನ್ನೊಂದು ಮಾತು ತಪ್ಪದೆ ತಿಳಿಸಿ: ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿನ ಪ್ರಯಾಣಕ್ಕೆ ಬಳಸಕೂಡದು. ಬ್ಯಾಗಿನ ಮೂಲೆಯಲ್ಲೋ ಜಾಕೆಟ್ಟಿನ ಜೇಬಿನಲ್ಲೋ ಮರೆತು ಉಳಿದ ಒಂದೇ ಒಂದು .22 ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಹೊರಡುವ ಮೊದಲು ಬಟ್ಟೆಗಳ ಜೇಬುಗಳನ್ನೂ ಬ್ಯಾಗಿನ ಒಳಪದರವನ್ನೂ ತಿರುವಿಹಾಕಿ ನೋಡಲು ಹೇಳಿ.